ಸೂರು ಎಣಿಸಿದಿರಿ, ಬಾಗಿಲು?

ಒಬ್ಬನದು ಡ್ರೋನ್, ಒಬ್ಬಳದು ಸೆನ್ಸರ್, ಇನ್ನೊಬ್ಬನದು ಕೃತಕ ಬುದ್ಧಿಮತ್ತೆ. ನೀವು ಮೂವರೂ ಸೇರಿ ನಕ್ಷೆ ಮಾಡುವ ಕಂಪನಿ ಕಟ್ಟುತ್ತೇವೆ ಅಂದಾಗ ನನಗೆ ತುಂಬ ಖುಷಿಯಾಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಬಾಹ್ಯಾಕಾಶ ಸಂಸ್ಥೆ ಇನ್‌ಸ್ಪೇಸ್ ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳಿಗೆ ಆರಿಸಿದ ಕೂಟವನ್ನೇ ನೋಡಿ. ಮುಂದಾಳು ನಮ್ಮ ಬೆಂಗಳೂರಿನ ಪಿಕ್ಸೆಲ್, ಅವರದು ನೂರಾರು ಬಣ್ಣದ ಪಟ್ಟಿಗಳನ್ನು ಬಿಡಿಸಿ ನೋಡುವ ಕ್ಯಾಮೆರಾ. ಅಹಮದಾಬಾದಿನ ಪಿಯರ್‌ಸೈಟ್‌ನದು ಮೋಡ ತೂರುವ ರೇಡಾರ್. ಹೈದರಾಬಾದಿನ ಧ್ರುವ ಸ್ಪೇಸ್ ಉಪಗ್ರಹ ಕಟ್ಟುತ್ತದೆ, ಬೆಂಗಳೂರಿನ ಸ್ಯಾಟ್‌ಶೂರ್ ಚಿತ್ರ ಓದುತ್ತದೆ. 12 ಉಪಗ್ರಹ, 1,200 ಕೋಟಿಗೂ ಮೇಲಿನ ಬಂಡವಾಳ. ಒಬ್ಬರಿಗಿಲ್ಲದ್ದು ಇನ್ನೊಬ್ಬರಲ್ಲಿದೆ, ಅದಕ್ಕೇ ಕೂಡಿದ್ದಾರೆ.

ನೀವು ಕರಾರಿಗೆ ಸಹಿ ಹಾಕುವ ಮೊದಲು ಅಳತೆಯ ಲೆಕ್ಕವನ್ನು ಒಂದು ಮಾಡಿಕೊಳ್ಳಿ. 1800ರಲ್ಲಿ ಬ್ರಿಟಿಷ್ ಸರ್ವೆಯರ್ ಲ್ಯಾಂಬ್ಟನ್ ಇದೇ ಬೆಂಗಳೂರಿನ ಪೂರ್ವದಲ್ಲಿ ಏಳು ಮೈಲಿಗೂ ಉದ್ದದ ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದ. ಆ ಪರಂಪರೆಯ ಹಳೆಯ ನಕ್ಷೆಗಳು ಭೂಮಿಯ ಆಕಾರದ ಎವರೆಸ್ಟ್ ಲೆಕ್ಕದವು, ನಿಮ್ಮ ಜಿಪಿಎಸ್‌ನದು ಬೇರೆ ಲೆಕ್ಕ. ನನ್ನ ಸರ್ವೆ ದಿನಗಳಲ್ಲಿ ಇಬ್ಬರು ಗುತ್ತಿಗೆದಾರರು ಈ ಎರಡು ಲೆಕ್ಕಗಳನ್ನು ಹೊಂದಿಸದೆ ನಕ್ಷೆ ಕೂಡಿಸಿಬಿಟ್ಟರು. ನಕ್ಷೆಯಲ್ಲಿ ರಸ್ತೆ ಹೋಗಿ ಒಬ್ಬರ ಅಡುಗೆಮನೆ ಮೇಲೆ ಬಿದ್ದಿತ್ತು. ಅದನ್ನು ಸರಿಪಡಿಸುವಾಗ ಆ ಮನೆಯವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಇನ್ನು ನೀವು ಮನೆ ಎಣಿಸಲು ಹೊರಟ ನಮ್ಮ ಮರ್ಫಿ ಟೌನ್. ದುಡಿಯುವ ಜನಕ್ಕೆಂದು ಕಂಟೋನ್ಮೆಂಟ್ ಕಾಲದಲ್ಲಿ ಎಬ್ಬಿಸಿದ ಬಡಾವಣೆ, ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳು. ಮೇಲಿನಿಂದ ಚಿತ್ರ ತೆಗೆದರೆ ಒಂದೇ ಉದ್ದದ ಸೂರು. ಯಂತ್ರ ಅದನ್ನು ಒಂದು ಮನೆ ಅಂದುಕೊಳ್ಳಬಹುದು. ಲೇಸರ್ ಎತ್ತರ ಅಳೆದರೆ ಯಾರು ಮೇಲೊಂದು ಕೋಣೆ ಏರಿಸಿದ್ದಾರೆ ಅಂತ ತಿಳಿದೀತು. ಹಾಗಿದ್ದರೂ ಆ ಕೋಣೆಗೆ ಹೋಗುವ ಕಬ್ಬಿಣದ ಮೆಟ್ಟಿಲು ಯಾರದು, ಒಳಗೆ ಎಷ್ಟು ಒಲೆ ಉರಿಯುತ್ತವೆ, ಅದು ಗೊತ್ತಾಗುವುದು ಗಲ್ಲಿಗೆ ಇಳಿದವನಿಗೆ ಮಾತ್ರ. ನಾಳೆ ಯಾರಾದರೂ ನಿಮ್ಮ ಲೆಕ್ಕ ನಂಬಿ ನೀರಿನ ಕೊಳಾಯಿ ಹಂಚಿದರೆ? ತಪ್ಪು ಎಣಿಕೆಯ ಭಾರ ಹೊರುವುದು ಕೊಡ ಹಿಡಿದು ನಿಂತ ಹೆಂಗಸು.

ಆದ್ದರಿಂದ ಕರಾರಿನಲ್ಲಿ ಲಾಭದ ಪಾಲಿಗಿಂತ ಮುಂಚೆ ಎರಡು ಸಾಲು ಬರೆಯಿರಿ: ಚಿತ್ರ ಯಾರ ಸೊತ್ತು, ತಪ್ಪಾದರೆ ಯಾರು ಮತ್ತೆ ಹೋಗಿ ಅಳೆಯುತ್ತಾರೆ. ಎರಡನೆಯದಕ್ಕೆ ಮೂವರ ಹೆಸರೂ ಇರಲಿ.

ಮರ್ಫಿ ಟೌನ್ ಹತ್ತಿರದಲ್ಲೇ ಸೇನೆಯ ಜಾಗ, ಎಚ್‌ಎಎಲ್ ವಿಮಾನ ನಿಲ್ದಾಣ. ಅನುಮತಿ ಇಲ್ಲದೆ ಡ್ರೋನ್ ಎತ್ತಬೇಡಿ. ಅದು ಸಿಗುವವರೆಗೆ ಸುಮ್ಮನೆ ಕೂರುವುದೂ ಬೇಡ. ಭಾನುವಾರ ಬೆಳಗ್ಗೆ ಬನ್ನಿ, ಪುಸ್ತಕ ಪೆನ್ಸಿಲ್ ತನ್ನಿ. ಮೊದಲ ಸಾಲಿನಿಂದ ಬಾಗಿಲು ಎಣಿಸುತ್ತಾ ಹೋಗೋಣ.