ಮಗನ ಸಿಟ್ಟು ಕಂಡಿರಿ, ಮಗಳ ಮೌನ?

ಪ್ರಶ್ನೆ: ಎರಡು ತಿಂಗಳ ಹಿಂದೆ ನಮ್ಮ ಬೀದಿಯಲ್ಲೇ ಒಬ್ಬರಿಗೆ ಮಚ್ಚಿನಿಂದ ಹೊಡೆದರು. ಟ್ಯೂಷನ್ ಮುಗಿಸಿ ಬರುತ್ತಿದ್ದ ನನ್ನ ಮಕ್ಕಳಿಬ್ಬರೂ ಕಣ್ಣಾರೆ ನೋಡಿದರು. 14ರ ಮಗ ಅವತ್ತಿನಿಂದ ಮಾತುಮಾತಿಗೂ ರೇಗುತ್ತಾನೆ, ರಾತ್ರಿ ಬೆಚ್ಚಿ ಏಳುತ್ತಾನೆ. 16ರ ಮಗಳು ಏನೂ ಆಗದವಳ ಹಾಗೆ ಓದಿಕೊಂಡು, ರೇಷ್ಮೆ ಹುಳುಮನೆ ಕೆಲಸಕ್ಕೂ ಕೈಜೋಡಿಸುತ್ತಾಳೆ. ‘ಗಂಡ್ಮಗ ಆಗಿ ಹಿಂಗ್ ಹೆದರ್ತೀಯಲ್ಲ, ಅಕ್ಕನ್ ನೋಡಿ ಕಲಿ’ ಎಂದು ನಮ್ಮ ಮಾವ ಬೈಯುತ್ತಾರೆ. ಮಗನಿಗೆ ಏನು ಮಾಡಲಿ ಮೇಡಂ?
– ಒಬ್ಬ ತಾಯಿ, ಸಾತನೂರು

ಉತ್ತರ: ನೀವು ಮಗನ ಬಗ್ಗೆ ಕೇಳಿದ್ದೀರಿ ತಾಯಿ. ನನಗೆ ಮಗಳ ಬಗ್ಗೆಯೂ ಅಷ್ಟೇ ಚಿಂತೆ. ಬೇಗ ಸಿಟ್ಟಾಗುವ ಮಕ್ಕಳ ನೋವು ಬೇಗ ಕಾಣುತ್ತದೆ, ಆದರೆ ನಾವು ಅದನ್ನು ತಂಟೆ ಎಂದುಕೊಂಡು ಬೈಯುತ್ತೇವೆ. ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುವವರ ನೋವು ಮನೆಯವರಿಗೆ ತಡವಾಗಿ ತಿಳಿಯುತ್ತದೆ. ನಿಮ್ಮ ಮಗಳು ಆ ಜಾಗ ತಪ್ಪಿಸಿ ಸುತ್ತಿ ಬರುತ್ತಿದ್ದಾಳೆಯೇ? ಗೆಳತಿಯರ ಒಡನಾಟ ಕಮ್ಮಿಯಾಗಿದೆಯೇ? ಊಟ ಸೇರುತ್ತಿದೆಯೇ? ಕಾರಣವಿಲ್ಲದೆ ತಲೆನೋವು, ಹೊಟ್ಟೆನೋವು ಎನ್ನುತ್ತಾಳೆಯೇ? ನಿಜಕ್ಕೂ ಬೇಗ ಸುಧಾರಿಸಿಕೊಳ್ಳುವ ಮಕ್ಕಳೂ ಇದ್ದಾರೆ, ಅವಳು ಅಂಥವಳೇ ಇರಬಹುದು. ಕೇಳಿ ತಿಳಿಯದೆ ತೀರ್ಮಾನಿಸಬೇಡಿ.

ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಅಧ್ಯಯನ ಶುರುಮಾಡಿ, ಮಕ್ಕಳು ಹಸುಗೂಸಾಗಿದ್ದಾಗಿನಿಂದ ದೊಡ್ಡವರಾಗುವ ತನಕ ಅವರ ಸ್ವಭಾವವನ್ನು ಗಮನಿಸಿದರು. ಹುಟ್ಟುಗುಣವೊಂದೇ ಮಕ್ಕಳನ್ನು ಕೆಡಿಸುವುದಿಲ್ಲ, ಆ ಗುಣಕ್ಕೂ ಮನೆಯವರು ನಡೆದುಕೊಳ್ಳುವ ರೀತಿಗೂ ಹೊಂದಿಕೆಯಾಗದಿದ್ದಾಗ ತೊಂದರೆ ಬೆಳೆಯುತ್ತದೆ ಎಂದರು. ಆದ್ದರಿಂದ ಮೊದಲು ಅಕ್ಕ–ತಮ್ಮನ ಈ ಹೋಲಿಕೆ ನಿಲ್ಲಬೇಕು. ಅದರಿಂದ ಅವನು ತಾನು ಹೇಡಿ ಎಂದುಕೊಳ್ಳುತ್ತಾನೆ, ಅವಳು ತಾನು ಅಳಲೇಬಾರದು ಎಂದುಕೊಳ್ಳುತ್ತಾಳೆ. ಮಾವನವರಿಗೆ ನೀವು ಹೇಳಲಾಗದಿದ್ದರೆ ಯಜಮಾನರಿಂದ ಹೇಳಿಸಿ.

ಮಗನನ್ನು ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಸೊಪ್ಪು ಕೊಯ್ಯಲು ಜೊತೆಗೆ ಕರೆದೊಯ್ಯಿರಿ, ಕೈಯಲ್ಲಿ ಕೆಲಸವಿದ್ದಾಗ ಇಂಥ ಹುಡುಗರಿಗೆ ಮಾತು ಸಲೀಸು. ಮಗಳ ಹತ್ತಿರ ‘ನಂಗೂ ಅವತ್ತು ಭಯ ಆಯ್ತು ಕಣವ್ವ’ ಎಂದು ನೀವೇ ಶುರುಮಾಡಿ, ಉತ್ತರಕ್ಕೆ ಒತ್ತಾಯ ಬೇಡ.

ಇಬ್ಬರ ಫೋನಿನ ಮೇಲೂ ನಿಗಾ ಇರಲಿ. 2023ರ ಏಪ್ರಿಲ್ 1ರಂದು ನಿಮ್ಮೂರಿನಲ್ಲೇ, ದನ ಸಾಗಿಸುವ ವಾಹನವನ್ನು ತಡೆದ ಗಲಾಟೆಯ ನಂತರ ಒಬ್ಬರ ಶವ ಸಿಕ್ಕಿತ್ತು, ಗಲಾಟೆಯ ವಿಡಿಯೊ ಎಲ್ಲೆಡೆ ಹರಿದಾಡಿತ್ತು. ಅಂಥದ್ದನ್ನು ಮತ್ತೆ ಮತ್ತೆ ನೋಡಿದರೆ ಆಗಲೇ ಬೆಚ್ಚಿರುವ ಮನಸ್ಸು ಇನ್ನಷ್ಟು ಬೆದರುತ್ತದೆ.

ಬೆಚ್ಚುವುದು, ಕೆಟ್ಟ ಕನಸು ತಿಂಗಳು ದಾಟಿದ ಮೇಲೂ ಉಳಿದರೆ ವೈದ್ಯರಿಗೆ ತೋರಿಸಲೇಬೇಕು. ನಿಮ್ಮ ಮಗನಿಗೆ ಎರಡು ತಿಂಗಳಾಗಿದೆ. ಇವತ್ತೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕನಕಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಕೇಳಿಕೊಳ್ಳಿ. ಇಬ್ಬರಲ್ಲಿ ಯಾರೇ ಸಾಯುವ ಮಾತಾಡಿದರೆ ಆ ದಿನಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೊರಡಿ. ಮನೋವೈದ್ಯರ ಹತ್ತಿರ ಹೋಗುವಾಗ ಮಗಳನ್ನೂ ಕರೆದೊಯ್ಯಿರಿ, ಒಬ್ಬೊಬ್ಬರೇ ಒಳಗೆ ಹೋಗಿ ಮಾತಾಡಲಿ.