ಕಿರುಚಿತ್ರ ಹಿಡಿಸಿತೇ? ಲಿಂಕ್ ಕಳಿಸಿ

ಮಣಿಪಾಲದ ವಿದ್ಯಾರ್ಥಿಗಳೋ ಕಾಪುವಿನ ಹುಡುಗರೋ ಕೈಕಾಸು ಹಾಕಿ ತೆಗೆದ ಕಿರುಚಿತ್ರ ತಾನಾಗಿ ನಿಮ್ಮ ಮೊಬೈಲಿಗೆ ಬರುವುದು ಅಪರೂಪ. ಯೂಟ್ಯೂಬಿನಲ್ಲಿ ‘ತುಳು ಕಿರುಚಿತ್ರ’, ‘ಕಾರ್ಕಳ ಕಿರುಚಿತ್ರ’ ಎಂದು ಕನ್ನಡದಲ್ಲೇ ಹುಡುಕಿ ನೋಡಿ. ಹಿಡಿಸಿದರೆ ಡೌನ್‌ಲೋಡ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಬೇಡಿ ಮಾರಾಯ್ರೇ. ಆಗ ವೀಕ್ಷಣೆಯ ಲೆಕ್ಕವೂ ಇಲ್ಲ, ತೆಗೆದವರಿಗೆ ಬಿಡಿಗಾಸೂ ಇಲ್ಲ. ಲಿಂಕನ್ನೇ ಕಳಿಸಿ, ಯಾಕೆ ನೋಡಬೇಕೆಂದು ಒಂದು ಸಾಲು ಸೇರಿಸಿ. ಬರೀ ಲಿಂಕನ್ನು ಯಾರೂ ಒತ್ತುವುದಿಲ್ಲ, ನಾನಂತೂ ಒತ್ತುವುದಿಲ್ಲ.

ಉಡುಪಿಯ ನಟ, ನಿರ್ಮಾಪಕ ರಕ್ಷಿತ್ ಶೆಟ್ಟಿಯವರೇ ಕರಾವಳಿಯ ಏಳು ಕಥೆಗಳ ‘ಏಕಂ’ ಸರಣಿಯನ್ನು, ಒಟಿಟಿಗಳಲ್ಲಿ ಜಾಗ ಸಿಗದೆ, 2024ರಲ್ಲಿ ಸ್ವಂತ ಜಾಲತಾಣದಲ್ಲಿ ಬಿಡುಗಡೆ ಮಾಡಿದರು. ಹೆಸರಿದ್ದವರ ಪಾಡೇ ಹೀಗಾದರೆ ಹೊಸಬರದ್ದೇನು? ಈ ವಾರ ಒಂದು ಕಿರುಚಿತ್ರವನ್ನಾದರೂ ಕೊನೆಯ ತನಕ ನೋಡಿ. ಹಿಡಿಸದಿದ್ದರೆ ಏಕೆಂದು ಕಮೆಂಟಿನಲ್ಲಿ ಬರೆಯಿರಿ.