ಮೇಸ್ತ್ರಿಯ ಆಳು, ಏಜೆನ್ಸಿಯ ಆಳು: ಹೆರಿಗೆಯ ಸಂಬಳ ಯಾರ ಹೊಣೆ?



ಕಳೆದ ಸಂಚಿಕೆಯಲ್ಲಿ ಅಡಿಕೆಗೆ ಪೊಟ್ಯಾಷ್ ಕೊಡುವ ಕ್ರಮವನ್ನು ವಿವರಿಸಿದ್ದೆವು. ಈ ಸಲ ಗಿಡದ ವಿಷಯವನ್ನು ಬದಿಗಿಟ್ಟು ಆಳಿನ ವಿಷಯಕ್ಕೆ ಬಂದಿದ್ದೇವೆ. ಕಾರಣ, ನಮ್ಮ ಗೋದಾಮಿನಲ್ಲಿಯೇ ನಡೆದ ಒಂದು ಸಂಗತಿ. ಹೇಳಿಕೊಳ್ಳಲು ಸಂಕೋಚವಾದರೂ ಮುಚ್ಚಿಡುವುದಕ್ಕಿಂತ ಹೇಳುವುದು ಮೇಲು.

2023ರ ಸುಗ್ಗಿಯಲ್ಲಿ ಅಡಿಕೆ ಸುಲಿಯುವುದಕ್ಕೂ ಆರಿಸುವುದಕ್ಕೂ ಮೇಸ್ತ್ರಿಯೊಬ್ಬರ ಮೂಲಕ ಒಂಬತ್ತು ಮಂದಿ ಹೆಂಗಸರು ಬರುತ್ತಿದ್ದರು. ಅವರಲ್ಲಿ ಒಬ್ಬಾಕೆ ಏಳು ತಿಂಗಳ ಬಸುರಿ. ಒಂದು ಶನಿವಾರ ಬಟವಾಡೆ ಮುಗಿದ ಮೇಲೆ ಆಕೆ ಕಚೇರಿಯ ಬಾಗಿಲಿಗೆ ಬಂದು, "ಸೋಮವಾರದಿಂದ ಬರಕ್ಕಾಗಲ್ಲ ಸಾಮಿ. ಬಾಣಂತನಕ್ಕೆ ಸಂಘದಿಂದ ಏನಾರ ಸಿಗ್ತದಾ?" ಎಂದು ಕೇಳಿದಳು. "ನೀನು ಮೇಸ್ತ್ರಿ ಕಡೆಯವಳಲ್ಲವೇನಮ್ಮ, ಅವರನ್ನು ಕೇಳು" ಎಂದು ಕಳಿಸಿದೆವು. ಮೇಸ್ತ್ರಿಯವರು, "ನಾನು ತಲೆಗೆ ಇಪ್ಪತ್ತು ರೂಪಾಯಿ ನೋಡೋನು, ನಾನೆಲ್ಲಿಂದ ತರ್ಲಿ? ಕೆಲಸ ಸಂಘದ್ದು" ಎಂದು ತಿರುಗಿ ನಮ್ಮ ಬಳಿಗೇ ಕಳಿಸಿದರು. ಕೊನೆಗೆ ಆಡಳಿತ ಮಂಡಳಿಯವರು ಕನಿಕರಪಟ್ಟು 3,000 ರೂಪಾಯಿ ಕೊಡಿಸಿದರು. ಆಕೆ ಕೈಮುಗಿದು ಹೋದಳು. ದೊಡ್ಡ ಧರ್ಮ ಮಾಡಿದೆವೆಂದು ನಾವೂ ಸಮಾಧಾನಪಟ್ಟೆವು.

ಎರಡು ತಿಂಗಳ ಮೇಲೆ ಬೇರೊಂದು ಕೆಲಸಕ್ಕಾಗಿ ರಾಮನಗರದ ವಕೀಲರೊಬ್ಬರ ಬಳಿಗೆ ಹೋಗಿದ್ದಾಗ ಮಾತಿಗೆ ಮಾತು ಬಂದು ಈ ಸಂಗತಿ ಹೊರಬಿತ್ತು. ಅವರು ನಗಲಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಪುಸ್ತಕ ತೆಗೆದು ಒಂದು ಸಾಲನ್ನು ತೋರಿಸಿದರು. ಆ ಕಾಯ್ದೆಯಲ್ಲಿ "ಮಹಿಳೆ" ಎಂದರೆ ಯಾರು ಎಂಬುದಕ್ಕೆ ಕೊಟ್ಟಿದ್ದ ಅರ್ಥದ ತಾತ್ಪರ್ಯ ಇಷ್ಟೇ: ನೇರವಾಗಿಯಾಗಲಿ, ಯಾವುದೇ ಏಜೆನ್ಸಿಯ ಮೂಲಕವಾಗಲಿ, ಕೂಲಿಗೆ ನೇಮಕವಾದ ಹೆಂಗಸು. ಮೇಸ್ತ್ರಿ ತಂದ ಆಳು ಬೇರೆ, ನಾವು ಕರೆದ ಆಳು ಬೇರೆ ಎಂಬ ನಮ್ಮ ಲೆಕ್ಕ ಅರವತ್ತು ವರ್ಷಗಳಿಂದಲೂ ತಪ್ಪಾಗಿತ್ತು! ಈಗ ಆ ಕಾಯ್ದೆ ಪ್ರತ್ಯೇಕವಾಗಿ ಉಳಿದಿಲ್ಲ. 21-11-2025ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಅದರ ಜಾಗಕ್ಕೆ ಬಂದಿದೆ. ಹೆಸರು ಬದಲಾಯಿತೇ ಹೊರತು ಈ ಅಂಶ ಬದಲಾಗಲಿಲ್ಲ; ಹೊಸ ಸಂಹಿತೆಯಲ್ಲಿಯೂ ಗುತ್ತಿಗೆದಾರನ ಮೂಲಕ ದುಡಿಯುವವರು ಉದ್ಯೋಗಿಗಳೇ.

ಇನ್ನು ಸಂಸ್ಥೆ ಎಷ್ಟು ದೊಡ್ಡದಿರಬೇಕು? ಅಂಗಡಿ, ಕಚೇರಿ, ಗೋದಾಮುಗಳ ಮಾತಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದಾದರೂ ಒಂದು ದಿನ ಹತ್ತು ಅಥವಾ ಹೆಚ್ಚು ಮಂದಿ ಕೆಲಸಕ್ಕಿದ್ದರೆ ಸಾಕು. ನಮ್ಮ ಸಂಘದಲ್ಲಿ ಸಂಬಳದವರು ಐದೇ ಮಂದಿ, ನಮಗೆ ಅನ್ವಯಿಸದು ಎಂದುಕೊಂಡಿದ್ದೆವು. ಮೇಸ್ತ್ರಿಯ ಒಂಬತ್ತು ಮಂದಿಯನ್ನು ಸೇರಿಸಿದರೆ ಹದಿನಾಲ್ಕಾಯಿತು.

ಆಕೆಗೆ ಸಲ್ಲಬೇಕಾಗಿದ್ದುದೆಷ್ಟು ಎಂಬುದನ್ನು ಸದಸ್ಯರು ಗಮನವಿಟ್ಟು ನೋಡಬೇಕು. ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಅಷ್ಟಾಗಿದ್ದರೆ 26 ವಾರಗಳ ಸಂಬಳ. ಅದರಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ. 2017ಕ್ಕೆ ಮುಂಚೆ ಇದು 12 ವಾರವಿತ್ತು. ಈಗಾಗಲೇ ಬದುಕಿರುವ ಮಕ್ಕಳು ಇಬ್ಬರು ಅಥವಾ ಹೆಚ್ಚು ಇದ್ದರೆ ಈಗಲೂ 12 ವಾರವೇ. ದರವೆಂದರೆ ಹಿಂದಿನ ಮೂರು ತಿಂಗಳ ಸರಾಸರಿ ದಿನಗೂಲಿ. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಡಾಕ್ಟರ ಚೀಟಿ ತೋರಿಸಿದಾಗ ಮುಂಗಡವಾಗಿ ಕೊಡಬೇಕು, ಉಳಿದುದನ್ನು ಮಗು ಹುಟ್ಟಿದ ಪುರಾವೆ ಕೊಟ್ಟ 48 ಗಂಟೆಯೊಳಗೆ ಕೊಡಬೇಕು. ಗರ್ಭಪಾತವಾದರೂ 6 ವಾರಗಳ ಸಂಬಳವುಂಟು; ಇದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಬಾಣಂತನದ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ.

ವಾರ ಎಂದರೆ ಆರು ದಿನವೋ ಏಳು ದಿನವೋ? ಈ ಪ್ರಶ್ನೆ ಎದ್ದದ್ದು ಒಂದು ತೋಟದಿಂದಲೇ. ಕೊಯಮತ್ತೂರು ಕಡೆಯ ಮೌಂಟ್ ಸ್ಟುವರ್ಟ್ ಎಸ್ಟೇಟಿನಲ್ಲಿ ಬಾಣಂತಿಯೊಬ್ಬಳಿಗೆ ಭಾನುವಾರಗಳನ್ನು ಕಳೆದು 12 ವಾರಕ್ಕೆ 72 ದಿನದ ಕೂಲಿ ಕೊಟ್ಟಿದ್ದರು. ಆಕೆ 84 ದಿನದ್ದು ಬೇಕೆಂದಳು. ಹನ್ನೆರಡು ದಿನದ ಕೂಲಿಯ ಈ ವ್ಯಾಜ್ಯ ಕಾರ್ಮಿಕ ನ್ಯಾಯಾಲಯದಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 1977ರಲ್ಲಿ ಸುಪ್ರೀಂ ಕೋರ್ಟು ವಾರವೆಂದರೆ ಏಳು ದಿನವೇ, ಭಾನುವಾರವೂ ಸೇರಿತು ಎಂದು ತೀರ್ಪಿತ್ತಿತು. ಭಾನುವಾರ ಬಾಣಂತಿಗೆ ಹಸಿವಾಗುವುದಿಲ್ಲವೇ ಎಂದು ನಮ್ಮ ಅಮ್ಮನಂಥವರು ಒಂದೇ ಮಾತಿನಲ್ಲಿ ತೀರಿಸಿಬಿಡುತ್ತಿದ್ದ ವಿಷಯ. ಹೀಗಾಗಿ 26 ವಾರವೆಂದರೆ 182 ದಿನ. ದಿನಗೂಲಿ 400 ರೂಪಾಯಿ ಎಂದಿಟ್ಟುಕೊಂಡರೆ 72,800 ರೂಪಾಯಿ. ನಾವು ಕೊಟ್ಟು ಕಳಿಸಿದ್ದು 3,000.

ದಿನಗೂಲಿಯವರಿಗೆ ಇದೆಲ್ಲ ಎಲ್ಲಿಯದು, ಖಾಯಂ ನೌಕರರಿಗಲ್ಲವೇ ಎನ್ನುವವರೂ ಇದ್ದಾರೆ. ದೆಹಲಿ ನಗರಪಾಲಿಕೆಯವರೂ ಹಾಗೆಯೇ ವಾದಿಸಿದ್ದರು. ರಸ್ತೆ ಕೆಲಸಕ್ಕೆ ಮಸ್ಟರ್ ರೋಲಿನ ಮೇಲೆ ಬರುತ್ತಿದ್ದ ಹೆಂಗಸರ ಆ ಮೊಕದ್ದಮೆಯಲ್ಲಿ 2000ದ ಮಾರ್ಚಿ 8ರಂದು ಸುಪ್ರೀಂ ಕೋರ್ಟು ದಿನಗೂಲಿಯವರಿಗೂ ಈ ಸೌಲಭ್ಯ ಸಲ್ಲತಕ್ಕದ್ದೆಂದು ಹೇಳಿತು.

ಇಷ್ಟೆಲ್ಲ ತಿಳಿದು ಹಿಂತಿರುಗಿ ಹಾಜರಿ ಪುಸ್ತಕ ತೆರೆದರೆ, ಅದರಲ್ಲಿ ಇದ್ದದ್ದು ಮೇಸ್ತ್ರಿಯವರ ಹೆಸರು, ಅದರ ಮುಂದೆ "ಹೆಣ್ಣಾಳು 9" ಎಂಬ ಅಂಕಿ! ಆಕೆಯ ಹೆಸರು ಒಂದು ಕಡೆಯೂ ಇಲ್ಲ. 80 ದಿನವಾಯಿತೋ ಇಲ್ಲವೋ ಹೇಳುವುದು ಹೇಗೆ? ಕೊನೆಗೆ ಮೇಸ್ತ್ರಿಯವರ ಜೇಬಿನ ಪುಟ್ಟ ನೋಟುಬುಕ್ಕಿನ ಗೀಟುಗಳನ್ನೂ, ಜೊತೆಯ ಹೆಂಗಸರ ನೆನಪನ್ನೂ ಕೂಡಿಸಿ 131 ದಿನವೆಂದು ಗೊತ್ತು ಮಾಡಿದೆವು. ಮಂಡಳಿಯಲ್ಲಿ ಚರ್ಚೆ ಬಿಸಿಯಾಗಿಯೇ ನಡೆಯಿತು. ಮೇಸ್ತ್ರಿಯಿಂದ ವಸೂಲು ಮಾಡಿರೆಂದು ಕೆಲವರು. ತಲೆಗೆ ಇಪ್ಪತ್ತು ರೂಪಾಯಿಯವರಿಂದ ಎಪ್ಪತ್ತು ಸಾವಿರ ವಸೂಲು ಮಾಡುವುದು ನಡೆಯುವ ಮಾತಲ್ಲ. ಮೊದಲು ಕೊಟ್ಟುದನ್ನು ಮುರಿದುಕೊಂಡು, ಎರಡು ಕಂತಿನಲ್ಲಿ ಸಂಘವೇ ಕೊಟ್ಟಿತು. ಎರಡನೆಯ ಕಂತು ಮುಟ್ಟುವ ವೇಳೆಗೆ ಮಗುವಿಗೆ ಹಲ್ಲು ಬಂದಿತ್ತು.

ಇದು ಆಳುಗಳ ಮಾತು ಮಾತ್ರವಲ್ಲ, ನಮ್ಮ ಮನೆಗಳ ಮಾತೂ ಹೌದು. ಮಾಗಡಿ, ರಾಮನಗರ, ಚನ್ನಪಟ್ಟಣದ ಊರುಗಳಿಂದ ಬಿಡದಿಗೂ, ಕನಕಪುರದ ಕಡೆಯಿಂದ ಹಾರೋಹಳ್ಳಿಗೂ ಬೆಳಗಿನ ಬಸ್ಸು ಹಿಡಿಯುವ ಹೆಣ್ಣುಮಕ್ಕಳಲ್ಲಿ ನಮ್ಮ ಸದಸ್ಯರ ಮಕ್ಕಳೂ ಸೊಸೆಯರೂ ಇದ್ದಾರೆ. ದುಡಿಯುವುದು ಒಂದು ಕಾರ್ಖಾನೆಯಲ್ಲಿ, ಸಂಬಳದ ಚೀಟಿ ಬರುವುದು ಕಾರ್ಮಿಕರನ್ನು ಪೂರೈಸುವ ಇನ್ನೊಂದು ಕಂಪನಿಯಿಂದ. ಸದಸ್ಯರೊಬ್ಬರ ಸೊಸೆಗೆ ಹೀಗಾಯಿತು: ಮೂರು ವರ್ಷ ಅದೇ ಗೇಟು, ಅದೇ ಮಿಷನ್ನು, ಏಜೆನ್ಸಿ ಮಾತ್ರ ವರ್ಷಕ್ಕೊಮ್ಮೆ ಬದಲು. ಐದನೆಯ ತಿಂಗಳಲ್ಲಿ ಕೇಳಿದರೆ "ನಮ್ಮ ಬಳಿ ನೀವು ಸೇರಿ ನಲವತ್ತೇ ದಿನ" ಎಂದು ಹೊಸ ಏಜೆನ್ಸಿ, "ನೀವು ನಮ್ಮ ನೌಕರರಲ್ಲ" ಎಂದು ಕಾರ್ಖಾನೆ.

ಇಲ್ಲಿ ಕೈಹಿಡಿಯುವುದು ಇಎಸ್‌ಐ. ಆ ಹುಡುಗಿಯ ಸಂಬಳದಿಂದ ಪ್ರತಿ ತಿಂಗಳು ಇಎಸ್‌ಐ ಮುರಿಯುತ್ತಿದ್ದರು. 2019ರ ಜುಲೈಯಿಂದ ಈ ವಂತಿಗೆ ನೌಕರರಿಂದ ನೂರಕ್ಕೆ 75 ಪೈಸೆ, ಮಾಲೀಕರಿಂದ 3 ರೂಪಾಯಿ 25 ಪೈಸೆ. ಇಎಸ್‌ಐ ನಂಬರು ಏಜೆನ್ಸಿಯದಲ್ಲ, ನೌಕರಳದು. ಮಾಲೀಕ ಬದಲಾದರೂ ಅದೇ ನಂಬರು ಮುಂದುವರಿಯುತ್ತದೆ. ಹೆರಿಗೆಗೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಸಂದಿದ್ದರೆ ಸಾಕು, ಅದು ಇಬ್ಬರು ಏಜೆನ್ಸಿಯವರಿಂದ ಬಂದಿದ್ದರೂ ಸರಿ. ಹಣ ಕೊಡುವುದು ಇಎಸ್‌ಐ ನಿಗಮ, ಏಜೆನ್ಸಿಯಲ್ಲ. ಆಕೆಗೆ 26 ವಾರದ ಹಣ ಅಲ್ಲಿಂದಲೇ ಬಂತು. ಸಂಬಳದಲ್ಲಿ ಮುರಿದು ನಿಗಮಕ್ಕೆ ಕಟ್ಟದಿರುವ ಏಜೆನ್ಸಿಗಳೂ ಇವೆ. ಆದ್ದರಿಂದ ಮದುವೆಯಾದ ಹೆಣ್ಣುಮಕ್ಕಳಿರುವ ಮನೆಯವರು ಈ ನಂಬರಿನ ಲೆಕ್ಕವನ್ನು ಈಗಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕಟ್ಟಿಲ್ಲವೆಂದು ಕಂಡರೆ ಮೂಲ ಕಾರ್ಖಾನೆಯೇ ಕಟ್ಟಬೇಕಾಗುತ್ತದೆ.

ಬ್ರಿಟನ್ನಿನಲ್ಲಿಯೂ ಇಂಥ ನಡುವಿನ ಕಂಪನಿಗಳಿವೆ. ಅಲ್ಲಿಯವರು ಅವನ್ನು ಅಂಬ್ರೆಲಾ ಕಂಪನಿ, ಅಂದರೆ ಕೊಡೆ ಕಂಪನಿ ಎನ್ನುತ್ತಾರೆ. ಮಳೆ ಬಂದಾಗ ಕೊಡೆ ಬಿಚ್ಚುತ್ತದೆಯೇ ಎಂಬುದೇ ಪ್ರಶ್ನೆ. ಅಲ್ಲಿ ಅಂಥ ಕಂಪನಿಯೇ ಮಾಲೀಕನೆಂದು ಲೆಕ್ಕ. 39 ವಾರ ಹೆರಿಗೆ ಸಂಬಳ ಕೊಡುವುದು ಅದೇ. ಆದರೆ ಕೊಟ್ಟುದರಲ್ಲಿ ಬಹುಪಾಲನ್ನು ಸರ್ಕಾರ ಹಿಂದಿರುಗಿಸುತ್ತದೆ. ನಮ್ಮಲ್ಲಿ ಇಎಸ್‌ಐ ಇಲ್ಲದ ಕಡೆ ಪೂರ್ತಿ ಭಾರ ಮಾಲೀಕನ ತಲೆಯ ಮೇಲೆ. ಹೊಸದಾಗಿ ಮದುವೆಯಾದವರನ್ನು ಮೇಸ್ತ್ರಿಗಳು ಕರೆತರಲು ಹಿಂಜರಿಯುವುದಕ್ಕೆ ಇದೇ ಮೂಲ. ಕಾನೂನು ಮಾಡಿದವರು ಇದನ್ನು ಇನ್ನೂ ಸರಿಪಡಿಸಬೇಕಾಗಿದೆ ಎಂಬುದು ನಮ್ಮ ಅಭಿಪ್ರಾಯ.

ಎರಡು ಮೂರು ಎಕರೆ ತೆಂಗು ಅಡಿಕೆಯ ಸದಸ್ಯರು ಗಾಬರಿಯಾಗಬೇಕಾಗಿಲ್ಲ. ತೋಟ ಎಂಬ ನೆಲೆಯಲ್ಲಿ ಕಾನೂನು ಹಿಡಿಯುವುದು 5 ಹೆಕ್ಟೇರ್, ಅಂದರೆ 12 ಎಕರೆ ಚಿಲ್ಲರೆಗೆ ಕಡಿಮೆಯಿಲ್ಲದ ಕಾಫಿ, ಟೀ, ರಬ್ಬರ್, ಏಲಕ್ಕಿಯಂಥ ತೋಟಗಳನ್ನು. ಬೇರೆ ಬೆಳೆಗೆ ಸರ್ಕಾರ ಪ್ರತ್ಯೇಕ ಅಧಿಸೂಚನೆ ಹೊರಡಿಸಬೇಕು. ಸಣ್ಣ ತೋಟದ ಆಳಿಗೆ ಉಳಿಯುವುದು ಮಾತೃವಂದನಾ ಯೋಜನೆಯ ಹಣ: ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000. ತಾಯಿ ಕಾರ್ಡು ಹಿಡಿದು ಅಂಗನವಾಡಿಯಲ್ಲಿ ವಿಚಾರಿಸಬೇಕು. 72,800ರ ಮುಂದೆ ಇದು ಎಷ್ಟರ ಮಾತು ಎಂಬುದು ನಮಗೂ ಗೊತ್ತು.

ಕೊಡಬೇಕಾದವರು ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ವಕೀಲರ ಫೀಸಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಉಂಟು. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು.

ಸಂಘದ ಗೋದಾಮಿನಲ್ಲಿ ಈಗ ಹಾಜರಿಯನ್ನು ಒಬ್ಬೊಬ್ಬರ ಹೆಸರಿನಲ್ಲಿ ಬರೆಯುತ್ತಿದ್ದೇವೆ. ಶನಿವಾರ ಬಟವಾಡೆಯಾದಾಗ ಆಕೆಯದೇ ಸಹಿ ಅಥವಾ ಹೆಬ್ಬೆಟ್ಟು. ದಿನಗಳ ಲೆಕ್ಕದ ಒಂದು ಚೀಟಿ ಆಕೆಯ ಕೈಗೂ ಹೋಗುತ್ತದೆ. ಮೇಸ್ತ್ರಿಯವರೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ಹೆರಿಗೆಯ ಹಣವನ್ನು ಯಾರು ಕೊಡತಕ್ಕದ್ದೆಂದು ಒಂದು ಸಾಲು ಸೇರಿಸಿದ್ದೇವೆ. ಪುಸ್ತಕದ ಮತ್ತು ಕರಾರಿನ ಮಾದರಿಗಳು ಕಚೇರಿಯಲ್ಲಿವೆ; ಮೇಸ್ತ್ರಿಯ ಆಳುಗಳನ್ನು ಕರೆಯುವ ಸದಸ್ಯರು ಸುಗ್ಗಿಗೆ ಮುಂಚೆ ಬಂದು ಪ್ರತಿ ತೆಗೆದುಕೊಂಡು ಹೋಗಬಹುದು.